ಬ್ಯಾಂಡೇಜ್ ಬಿಲ್ ಇಳಿದ ವರ್ಷ: ಉಡುಪಿ ಕಡೆಯ ಒಂದು ಸೇವಾ ಸಂಸ್ಥೆಯ ಪ್ರಕರಣ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಒಂದು ಸಣ್ಣ ಸೇವಾ ಸಂಸ್ಥೆಯ ಖಜಾಂಚಿಯಾದೆ. ಉಡುಪಿಯಿಂದ ದಕ್ಷಿಣಕ್ಕೆ ಕಟಪಾಡಿ, ಶಂಕರಪುರ, ಶಿರ್ವ, ಕಾಪು, ಈ ಸುತ್ತಿನಲ್ಲಿ ನಮ್ಮ ಕೆಲಸ. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಹೋಗಿ ಆರೈಕೆ ಮಾಡುವುದು. ಬೇರೆ ಏನೂ ಇಲ್ಲ. ಒಂದು ಹಳೆಯ ವ್ಯಾನು, ಇಬ್ಬರು ಸಿಸ್ಟರ್, ಒಬ್ಬ ಡ್ರೈವರ್, ವಾರಕ್ಕೆ ಎರಡು ದಿನ ಬರುವ ಒಬ್ಬ ಡಾಕ್ಟರು. 2022ರ ನಂತರ ಈ ಸಂಸ್ಥೆ ದುಡ್ಡಿನ ಹಿಂದೆ ಹೋಗಿ ದಾರಿ ತಪ್ಪಿದ್ದು, ಆಮೇಲೆ ಅರ್ಧ ದಾರಿ ವಾಪಸ್ ಬಂದದ್ದು ಇಲ್ಲಿ ಬರೆದಿದ್ದೇನೆ. ಸಂಸ್ಥೆಯ ಹೆಸರು, ಕಂಪನಿಯ ಹೆಸರು ಹಾಕುವುದಿಲ್ಲ. ಸಮಿತಿಯವರು ಒಪ್ಪಿದ್ದೇ ಆ ಷರತ್ತಿನ ಮೇಲೆ.

ಕೆಲಸ ಎಂಥದ್ದು ಅಂತ ಮೊದಲು ಹೇಳಬೇಕು. ಅದು ಗೊತ್ತಾಗದಿದ್ದರೆ ಮುಂದಿನ ಜಗಳ ಅರ್ಥ ಆಗುವುದಿಲ್ಲ.

ನಮ್ಮ ಕಡೆ ದೊಡ್ಡ ಮನೆ, ಒಳಗೆ ಇಬ್ಬರು ಮುದುಕರು, ಮಕ್ಕಳು ಮುಂಬೈಯಲ್ಲೋ ಬೆಂಗಳೂರಲ್ಲೋ ಗಲ್ಫಿನಲ್ಲೋ ಇರುವುದು ಹೊಸ ವಿಷಯ ಅಲ್ಲ. ಇಬ್ಬರಲ್ಲಿ ಒಬ್ಬರಿಗೆ ಲಕ್ವ ಹೊಡೆಯುತ್ತದೆ, ಅಥವಾ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಆಸ್ಪತ್ರೆಗೆ ನಮ್ಮಲ್ಲಿ ಕೊರತೆ ಇಲ್ಲ, ಮಣಿಪಾಲ ಹತ್ತಿರವೇ ಉಂಟು. ಕಷ್ಟ ಇರುವುದು ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ. ಮೂತ್ರ ಹೋಗಲು ಹಾಕಿದ ನಳಿಕೆ, ಕ್ಯಾಥೆಟರ್, ಬದಲಿಸಬೇಕು. ಮೂಗಿನ ನಳಿಕೆಯಲ್ಲಿ ಗಂಜಿ ನೀರು ಕೊಡುವುದನ್ನು ಮನೆಯವರಿಗೆ ಕಲಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಮ್ಮೆ ಆಯ್ತೆಂದರೆ ಅದು ಒಳಗೊಳಗೇ ಆಳಕ್ಕೆ ಹೋಗುತ್ತದೆ. ಸಿಸ್ಟರ್ ವಾರಕ್ಕೊಮ್ಮೆ ಬಂದು ಮೈ ತಿರುಗಿಸಿ ನೋಡುವುದೇ ಅರ್ಧ ಔಷಧಿ. ಜಗಲಿಯಲ್ಲಿ ಕೂತು ಒಂದು ಲೋಟ ಚಾ ಕುಡಿದು ಸೊಸೆಯ ಕಷ್ಟ ಕೇಳುವುದೂ ಕೆಲಸದೊಳಗೇ ಬರುತ್ತದೆ. ಯಾವ ಫಾರ್ಮಿನಲ್ಲೂ ಅದಕ್ಕೆ ಕಾಲಂ ಇಲ್ಲ.

ಇನ್ನು ಲೆಕ್ಕ. ಇಬ್ಬರು ಸಿಸ್ಟರ್‌ಗೆ ತಿಂಗಳಿಗೆ ತಲಾ 18 ಸಾವಿರ, ಡ್ರೈವರಿಗೆ 15 ಸಾವಿರ. ಡೀಸೆಲ್, ರಿಪೇರಿ ಸೇರಿ 12 ಸಾವಿರ. ಡಾಕ್ಟರ ಗೌರವಧನ 10 ಸಾವಿರ. ಔಷಧಿ, ಬ್ಯಾಂಡೇಜ್, ಕ್ಯಾಥೆಟರ್ 15 ಸಾವಿರ. ಬಾಡಿಗೆ, ಆಡಿಟ್, ಆಫೀಸು ಖರ್ಚು 10 ಸಾವಿರ. ವರ್ಷಕ್ಕೆ 11 ಲಕ್ಷ 76 ಸಾವಿರ ರೂಪಾಯಿ. ರೋಗಿಗಳು 50 ಜನ. 20 ಮನೆಗೆ ವಾರಕ್ಕೊಮ್ಮೆ, 30 ಮನೆಗೆ ಹದಿನೈದು ದಿನಕ್ಕೊಮ್ಮೆ. ಅಂದರೆ ವಾರಕ್ಕೆ 35 ಭೇಟಿ, ರಜೆ ಕಳೆದು ವರ್ಷಕ್ಕೆ 1,680. ಒಂದು ಭೇಟಿಗೆ ಸರಿಯಾಗಿ 700 ರೂಪಾಯಿ.

ಈ 700ರ ಲೆಕ್ಕ ನಾವು ಮೊದಲೇ ಹಾಕಿದ್ದೆವು ಅಂತ ಹೇಳಿದರೆ ಸುಳ್ಳಾದೀತು. ಹಾಕಿದ್ದು ಎಡವಿ ಬಿದ್ದ ಮೇಲೆ.

ದುಡ್ಡು ಬರುತ್ತಿದ್ದ ದಾರಿ ಮೂರು. ಊರವರ ದೇಣಿಗೆ 3 ಲಕ್ಷ. ರೋಗಿಗಳ ಮನೆಯವರು ತಾವಾಗಿ ಕೊಡುವುದು 1 ಲಕ್ಷ 76 ಸಾವಿರ. ಉಳಿದ 7 ಲಕ್ಷ ಮುಂಬೈಯ ಒಂದು ಕುಟುಂಬದ ಟ್ರಸ್ಟಿನಿಂದ. ಮನೆಯ ಹಿರಿಯರು ನಮ್ಮ ಊರಿನವರು. ಅವರು ತೀರಿಕೊಂಡ ಮೇಲೆ ಮಕ್ಕಳು ಶಾಲೆಗಳಿಗೆ ಕೊಡುವುದು ಅಂತ ತೀರ್ಮಾನ ಮಾಡಿದರು. ಅದು ಅವರ ಹಕ್ಕು. 2022ರ ಮಾರ್ಚಿಗೆ ಅಲ್ಲಿಂದ ಬರುವುದು ನಿಂತಿತು. ನಮ್ಮ ಹತ್ತಿರ 8 ಲಕ್ಷದ ಠೇವಣಿ ಬಿಟ್ಟರೆ ಬೇರೆ ಆಧಾರ ಇರಲಿಲ್ಲ.

ಕ್ಯಾಂಪಿನ ವರ್ಷ

ಆಗ ಒಂದು ಕಂಪನಿಯ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು ಬಂದರು. ಸಿ.ಎಸ್.ಆರ್. ಅಂದರೆ ಸುಮ್ನೆ ಖುಷಿಗೆ ಕೊಡುವ ದಾನ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಹಿಂದಿನ ವರ್ಷ 5 ಕೋಟಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ ಇದ್ದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಮುಂದುವರಿಯುವ ಯೋಜನೆ ಅಲ್ಲದಿದ್ದರೆ, ಉಳಿದ ಹಣ ವರ್ಷ ಮುಗಿದು ಆರು ತಿಂಗಳೊಳಗೆ ಕಾಯ್ದೆ ಹೇಳಿದ ಸರ್ಕಾರಿ ನಿಧಿಗೆ ಹೋಗಬೇಕು. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ಈ ವಿಭಾಗದವರ ಮುಖ ನೋಡಬೇಕು ನೀವು. ನಮ್ಮ ಬ್ಯಾಂಕಿನ ಮಾರ್ಚ್ ಎಂಡಿಂಗ್ ನೆನಪಾಗುತ್ತದೆ.

ಬಂದ ಮ್ಯಾನೇಜರ್ ಒಳ್ಳೆಯ ಹುಡುಗ. ಮನೆ ಭೇಟಿಗೂ ಒಂದು ದಿನ ಜೊತೆಗೆ ಬಂದ. ಎರಡನೇ ಮನೆಯಲ್ಲಿ ಕಣ್ಣು ಒರೆಸಿಕೊಂಡ. ವಾಪಸ್ ಬರುವಾಗ ವ್ಯಾನಿನಲ್ಲಿ ಹೇಳಿದ, “ಸರ್, ಕೆಲಸ ಚಂದ ಉಂಟು. ಆದ್ರೆ ಎಂತ ಮಾಡುದು, ನಮಗೆ ನಂಬರ್ ಬೇಕು. ಬೋರ್ಡಿಗೆ 50 ಜನ ಅಂತ ತೋರಿಸಿದ್ರೆ ಎರಡು ಸೊನ್ನೆ ಬಿಟ್ಟುಹೋಗಿದೆ ಅಂತಾರೆ.”

ಹಾಗಾಗಿ ಮನೆ ಭೇಟಿಯ ಜೊತೆಗೆ ‘ಹಿರಿಯರ ಆರೋಗ್ಯ ಶಿಬಿರ’ ಅಂತ ಒಂದು ಯೋಜನೆ ತಯಾರಾಯಿತು. ವರ್ಷಕ್ಕೆ 24 ಕ್ಯಾಂಪು, ಒಟ್ಟು 18 ಲಕ್ಷ ರೂಪಾಯಿ, 6,000 ಫಲಾನುಭವಿಗಳು. ಸಮಿತಿಯಲ್ಲಿ ಹತ್ತು ನಿಮಿಷದಲ್ಲಿ ಪಾಸಾಯಿತು. ನಾನೂ ಕೈ ಎತ್ತಿದೆ. 7 ಲಕ್ಷ ಹೋದಲ್ಲಿ 18 ಲಕ್ಷ ಬರುವಾಗ ಯಾರು ಬೇಡ ಅಂತಾರೆ? ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ನೋಡಿದವರೂ ಇದ್ದರು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಣಿಯಾದ ಸಂಘ ನಮ್ಮದು. ಉದ್ದೇಶಗಳ ಮೊದಲ ಸಾಲಿನಲ್ಲಿ ‘ಹಾಸಿಗೆ ಹಿಡಿದವರ ಮನೆಯಲ್ಲಿ ಆರೈಕೆ’ ಅಂತ ಉಂಟು. ಕೊನೆಯ ಸಾಲಿನಲ್ಲಿ ‘ಸಾರ್ವಜನಿಕ ಆರೋಗ್ಯಕ್ಕೆ ಸಂಬಂಧಿಸಿದ ಇತರ ಎಲ್ಲ ಕೆಲಸಗಳು’ ಅಂತಲೂ ಉಂಟು. ವಕೀಲರು ರೂಢಿಗೆ ಸೇರಿಸುವ ಸಾಲು ಅದು. ಆ ಒಂದು ಸಾಲಿದ್ದರೆ ಬೈಲಾ ಯಾವುದಕ್ಕೂ ಅಡ್ಡ ಬರುವುದಿಲ್ಲ.

ಕ್ಯಾಂಪುಗಳು ಚೆನ್ನಾಗಿಯೇ ನಡೆದವು. ಶಾಮಿಯಾನ, ಬ್ಯಾನರು, ಉದ್ಘಾಟನೆಗೆ ದೀಪ, ಗಣ್ಯರಿಗೆ ಶಾಲು, ಕೊನೆಗೆ ಗೋಳಿಬಜೆ ಚಾ. ಬಿ.ಪಿ., ಶುಗರ್ ನೋಡಿದೆವು, ಕನ್ನಡಕ ಕೊಟ್ಟೆವು. ಬಿ.ಪಿ. ಇರುವುದೇ ಗೊತ್ತಿಲ್ಲದ ಕೆಲವರು ಅಲ್ಲಿ ಸಿಕ್ಕಿದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಕ್ಯಾಂಪಿಗೆ ಬರ ಇಲ್ಲ. ಕ್ಲಬ್ಬಿನವರು, ಯುವಕ ಮಂಡಲದವರು, ಆಸ್ಪತ್ರೆಯವರು ಎಲ್ಲರೂ ಮಾಡುತ್ತಾರೆ. ಮನೆಗೆ ಹೋಗುವವರು ಮಾತ್ರ ಕಡಿಮೆ.

ಕ್ಯಾಂಪು ಭಾನುವಾರ. ಶನಿವಾರ ಅದರ ತಯಾರಿ. ಸೋಮವಾರ ಹೆಸರು, ವಯಸ್ಸು, ಫೋನ್ ನಂಬರು, ಸಹಿ ಇರುವ ಪಟ್ಟಿ ಕಂಪ್ಯೂಟರಿಗೆ ಹಾಕುವುದು. ಭಾನುವಾರ ದುಡಿದದ್ದಕ್ಕೆ ಸಿಸ್ಟರ್‌ಗೆ ಮಂಗಳವಾರ ರಜೆ. ಕ್ಯಾಂಪ್ ಇಲ್ಲದ ವಾರ ಮುಂದಿನ ಜಾಗ ನೋಡುವುದು, ಕರಪತ್ರ ಹಂಚುವುದು. ಯಾರೂ ‘ಮನೆ ಭೇಟಿ ಕಡಿಮೆ ಮಾಡಿ’ ಅಂತ ಹೇಳಲಿಲ್ಲ. ಕಂಪನಿಯವರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ತಾನಾಗಿಯೇ ಕಡಿಮೆಯಾಯಿತು.

ನನಗೆ ಅನುಮಾನ ಬಂದದ್ದು ನವೆಂಬರಿನಲ್ಲಿ, ಮೆಡಿಕಲ್ ಶಾಪಿನ ಬಿಲ್ಲು ಪಾಸು ಮಾಡುವಾಗ. ಬ್ಯಾಂಡೇಜ್, ಗಾಜ್ ಬಟ್ಟೆಯ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮೊದಲಿಗೆ ಖುಷಿಯೇ ಆಯಿತು, ಖಜಾಂಚಿಯ ಬುದ್ಧಿ ಅಲ್ವಾ. ರಾತ್ರಿ ಮಲಗಿದಾಗ ಯೋಚನೆ ಬಂತು: ಹುಣ್ಣು ಕಡಿಮೆಯಾಗಿದೆಯೋ, ಹುಣ್ಣು ಕಟ್ಟುವುದು ಕಡಿಮೆಯಾಗಿದೆಯೋ? ಮರುದಿನ ವ್ಯಾನಿನ ಲಾಗ್ ಪುಸ್ತಕ ತೆಗೆದು ಕೂತೆ. ಕಿಲೋಮೀಟರ್ ಹೆಚ್ಚಾಗಿತ್ತು. ಆದರೆ ಹೋದ ಜಾಗ ಶಾಲೆ ಮೈದಾನ, ಸಭಾಭವನ, ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿ. ಮನೆ ಭೇಟಿ ಎಣಿಸಿದೆ. ವಾರಕ್ಕೆ 35 ಇದ್ದದ್ದು 19ಕ್ಕೆ ಬಂದಿತ್ತು.

ಆ ವಾರ ನಾನೂ ವ್ಯಾನಿನಲ್ಲಿ ಹೋದೆ. ಕಾಪು ಹತ್ತಿರದ ಒಂದು ಮನೆ. ಒಳಗೆ ಅಜ್ಜಿ, ನಾಲ್ಕು ವರ್ಷದಿಂದ ಮಲಗಿದಲ್ಲೇ. ಜಗಲಿಯಲ್ಲಿ ಸೊಸೆ ಬೀಡಿ ಕಟ್ಟುತ್ತಾ ಕೂತಿದ್ದರು. ಐದು ವಾರದಿಂದ ಯಾರೂ ಆ ಮನೆಗೆ ಹೋಗಿರಲಿಲ್ಲ. ಸಿಸ್ಟರ್ ಅಜ್ಜಿಯನ್ನು ಮಗ್ಗುಲು ತಿರುಗಿಸಿದಾಗ ವಾಸನೆ ಬಂತು. ನಾನು ಹೊರಗೆ ಬಂದೆ. ಸೊಸೆ ಬೀಡಿ ಮೊರದಿಂದ ತಲೆ ಎತ್ತದೆ ತುಳುವಿನಲ್ಲಿ ಹೇಳಿದರು. ಕನ್ನಡದಲ್ಲಿ ಅದು ಇಷ್ಟು: “ಸಿಸ್ಟರ್ ಕ್ಯಾಂಪಿನಲ್ಲಿ ಇದ್ರಲ್ವಾ, ಪೇಪರಿನಲ್ಲಿ ಫೋಟೋ ನೋಡಿದ್ದೆ. ಹಾಗೆ ಫೋನ್ ಮಾಡಿ ತೊಂದರೆ ಕೊಡಲಿಲ್ಲ.”

ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಯಾರು ಯಾರಿಗೆ ದಾನ ಮಾಡಿದ್ದು?

ವರ್ಷದ ಕೊನೆಗೆ ವರದಿ ಭರ್ಜರಿಯಾಗಿತ್ತು. 24 ಕ್ಯಾಂಪು, 6,240 ಜನ. ತಲೆಗೆ 288 ರೂಪಾಯಿ. ನಮ್ಮ ಮನೆ ಭೇಟಿ 700. ಕಾಗದದ ಮೇಲೆ ನೋಡಿದರೆ ಕ್ಯಾಂಪೇ ಅಗ್ಗ, ಮನೆ ಭೇಟಿ ದುಂದು ವೆಚ್ಚ.

ನಾನು ಬೇರೆ ರೀತಿ ಲೆಕ್ಕ ಹಾಕಿದೆ. 18 ಲಕ್ಷದಲ್ಲಿ ಕ್ಯಾಂಪಿನ ನೇರ ಖರ್ಚು 14 ಲಕ್ಷ 40 ಸಾವಿರ. ಫೋಟೋ, ವಿಡಿಯೋ, ವರದಿ ಪುಸ್ತಕಕ್ಕೆ 1 ಲಕ್ಷ 20 ಸಾವಿರ. ನಮ್ಮ ಸಿಬ್ಬಂದಿಯ ಪಾಲು ಅಂತ ಬಂದದ್ದು ಒಂದೂವರೆ ಲಕ್ಷ, ಆಡಳಿತ ವೆಚ್ಚ 90 ಸಾವಿರ. ಅಂದರೆ ಮೂಲ ಕೆಲಸದ ಕೈಗೆ ಸಿಕ್ಕಿದ್ದು 2 ಲಕ್ಷ 40 ಸಾವಿರ. 7 ಲಕ್ಷದ ತೂತಿಗೆ ಅದು ಸಾಲದೆ, ಉಳಿದ 4 ಲಕ್ಷ 60 ಸಾವಿರವನ್ನು ಠೇವಣಿ ಒಡೆದು ತುಂಬಿಸಿದ್ದೆವು. ಇದು ಒಂದು ಬದಿ. ಇನ್ನೊಂದು ಬದಿಯಲ್ಲಿ ವಾರದ 35 ಭೇಟಿಯಲ್ಲಿ 16 ಕ್ಯಾಂಪಿಗೆ ಹೋಯಿತು. 11 ಲಕ್ಷ 76 ಸಾವಿರದಲ್ಲಿ ಅಷ್ಟು ಪಾಲು ಅಂದರೆ ಸುಮಾರು 5 ಲಕ್ಷ 38 ಸಾವಿರ. 2 ಲಕ್ಷ 40 ಸಾವಿರ ತೆಗೆದುಕೊಂಡು 5 ಲಕ್ಷ 38 ಸಾವಿರದ ಕೆಲಸ ಕೊಟ್ಟಿದ್ದೇವೆ. ಮುಂಬೈಯ ಟ್ರಸ್ಟನ್ನು ಕಳಕೊಂಡ ಬಡ ಸಂಸ್ಥೆ ಲಾಭದಲ್ಲಿರುವ ಕಂಪನಿಗೆ ಹತ್ತಿರ ಹತ್ತಿರ 3 ಲಕ್ಷ ದಾನ ಮಾಡಿತ್ತು, ಮಾರಾಯ್ರೆ!

ಇದನ್ನು ಸಮಿತಿಯಲ್ಲಿ ಓದಿದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಹಿರಿಯ ಸದಸ್ಯರೊಬ್ಬರಿಗೆ ನನ್ನ ಲೆಕ್ಕ ಇಷ್ಟ ಆಗಲಿಲ್ಲ. ಕ್ಯಾಂಪಿನಿಂದ ಹೆಸರು ಬಂದಿದೆ, ಹೆಸರಿನಿಂದ ಮುಂದೆ ದುಡ್ಡು ಬರುತ್ತದೆ, ಬಂದ ಲಕ್ಷ್ಮಿಯನ್ನು ಒದೆಯಬಾರದು ಅಂತ ಅವರ ವಾದ. ಅದರಲ್ಲಿ ಸತ್ಯ ಇಲ್ಲ ಅಂತ ಅಲ್ಲ. ಕ್ಯಾಂಪ್ ಮಾಡಿದ ಮೇಲೆಯೇ ಎಷ್ಟೋ ಜನರಿಗೆ ನಮ್ಮ ಸಂಸ್ಥೆ ಇರುವುದು ಗೊತ್ತಾದದ್ದು. ಆ ಹಿರಿಯ ಸದಸ್ಯರು ಆಮೇಲೆ ರಾಜೀನಾಮೆ ಕೊಟ್ಟರು. ಈಗಲೂ ದೇವಸ್ಥಾನದಲ್ಲಿ ಸಿಕ್ಕಿದರೆ ಮಾತಾಡುತ್ತೇವೆ, ಈ ವಿಷಯ ಬಿಟ್ಟು.

ಅವತ್ತು ಹಿರಿಯ ಸಿಸ್ಟರ್ ಕೂಡ ಒಂದು ಮಾತು ಹೇಳಿದರು. ತಿಂಗಳ ವರದಿಯ ಫಾರ್ಮು ಬದಲಾದ ದಿನದಿಂದ ತನ್ನ ಕೆಲಸ ಬದಲಾಯಿತು ಅಂತ. ಮೊದಲಿನ ಫಾರ್ಮಿನಲ್ಲಿ ‘ಹುಣ್ಣು ಹೇಗಿದೆ, ಮನೆಯವರು ಹೇಗಿದ್ದಾರೆ’ ಅಂತ ಇತ್ತು. ಹೊಸದರಲ್ಲಿ ‘ಹೊಸ ಫಲಾನುಭವಿಗಳು ಎಷ್ಟು’ ಅಂತ. ಹಳೆಯ ಅಜ್ಜಿ ಎಷ್ಟು ಸಲ ನೋಡಿದರೂ ಹೊಸ ಫಲಾನುಭವಿ ಆಗುವುದಿಲ್ಲ. ಮ್ಯಾನೇಜರ್ ಹಾಕಿದ ಷರತ್ತಿಗಿಂತ, ನಾವೇ ತಯಾರಿಸಿದ ಆ ಫಾರ್ಮೇ ನಮ್ಮನ್ನು ದಾರಿ ತಪ್ಪಿಸಿದ್ದು ಅಂತ ನನಗೆ ಅನಿಸುತ್ತದೆ.

ಮಾಡಿದ ಬದಲಾವಣೆ

ಮೊದಲು ಫಾರ್ಮು ಹಳೆಯದಕ್ಕೆ ಬಂತು. ಆಮೇಲೆ ಒಂದು ನಿರ್ಣಯ ಬರೆದೆವು. ಸಿಸ್ಟರ್‌ಗಳ ವಾರದಲ್ಲಿ ಐದು ದಿನ ಮನೆ ಭೇಟಿಗೆ ಮೀಸಲು. ಯಾರೇ ಎಷ್ಟೇ ದುಡ್ಡು ಕೊಟ್ಟರೂ ಆ ಐದು ದಿನದಲ್ಲಿ ಒಂದು ಗಂಟೆಯನ್ನೂ ಬೇರೆ ಕೆಲಸಕ್ಕೆ ಕೊಡುವಂತಿಲ್ಲ. ಹೊಸ ಯೋಜನೆ ಬೇಕಾದರೆ ಅದಕ್ಕೆ ಬೇರೆ ಸಿಬ್ಬಂದಿಯ ಸಂಬಳವೂ ಆ ದುಡ್ಡಿನಲ್ಲೇ ಇರಬೇಕು. ಗೋಡೆಗೆ ಹಾಕುವ ಧ್ಯೇಯವಾಕ್ಯಕ್ಕಿಂತ ಇದು ಗಟ್ಟಿ. ಯಾಕೆಂದರೆ ಗಡಿಯಾರ ಹಿಡಿದು ನೋಡಬಹುದು.

ಇನ್ನೊಂದು ಬದಲಾವಣೆ, ಬ್ಯಾಂಕಿನವರ ಹಳೆ ಪಾಠದಿಂದ ಬಂದದ್ದು. ಆರು ತಿಂಗಳ ಠೇವಣಿ ನಂಬಿ ಇಪ್ಪತ್ತು ವರ್ಷದ ಸಾಲ ಕೊಟ್ಟ ಬ್ಯಾಂಕು ಕಷ್ಟಕ್ಕೆ ಬೀಳುತ್ತದೆ. ನಾವೂ ಅದನ್ನೇ ಮಾಡಿದ್ದು. ಸಂಬಳ, ಡೀಸೆಲ್, ಬ್ಯಾಂಡೇಜ್ ಯಾವತ್ತೂ ಮುಗಿಯದ ಖರ್ಚು. ಅದಕ್ಕೆ ವರ್ಷಕ್ಕೊಮ್ಮೆ ಮನಸ್ಸು ಬದಲಿಸುವ ದೊಡ್ಡ ದಾನಿಯನ್ನು ನಂಬಿದ್ದೆವು. ಇನ್ನು ಮುಂದೆ ದೊಡ್ಡ ದುಡ್ಡು ಬಂದರೆ ಒಂದು ಸಲ ಕೊಂಡು ಮುಗಿಯುವ ಸಾಮಾನಿಗೆ, ಮುಗಿಯದ ಖರ್ಚಿಗೆ ಊರಿನ ಸಣ್ಣ ದುಡ್ಡು ಅಂತ ಮಾಡಿದೆವು.

ಸಣ್ಣ ದುಡ್ಡಿನ ಬಗ್ಗೆ ಉಡುಪಿಯವರಿಗೆ ಪಾಠ ಹೇಳಬೇಕಾಗಿಲ್ಲ. 1925ರಲ್ಲಿ ಇಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು, ಪಿಗ್ಮಿ ಎಂಬ ಶಬ್ದ ಮಾತ್ರ ನಮ್ಮ ಬಾಯಿಂದ ಹೋಗಲಿಲ್ಲ. ಗಡಿಯಾಚೆ ಕೇರಳದಲ್ಲೂ ನೋಡಿ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ನೋವು ಶಮನದ ಆರೈಕೆ ಮಲಪ್ಪುರಂ ಕಡೆ ಬೆಳೆದದ್ದು ಊರವರ ಚಿಲ್ಲರೆ ದೇಣಿಗೆ, ಊರವರದೇ ಸ್ವಯಂಸೇವೆಯಿಂದ. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ತಂದಿತು.

ನಾವು ‘ದಿನಕ್ಕೆ ಹತ್ತು ರೂಪಾಯಿ’ ಅಂತ ಶುರು ಮಾಡಿದೆವು. ವರ್ಷಕ್ಕೆ 3,650. 250 ಜನ ಸಿಕ್ಕಿದರೆ 9 ಲಕ್ಷ ದಾಟುತ್ತದೆ. ಸಿಕ್ಕಿದ್ದು 163 ಜನ. ಅವರಲ್ಲೂ ಎಲ್ಲರೂ ಹನ್ನೆರಡು ತಿಂಗಳು ಕೊಡಲಿಲ್ಲ, ಕೈಗೆ ಬಂದದ್ದು 4 ಲಕ್ಷ 80 ಸಾವಿರ. ಶಂಕರಪುರದ ಒಬ್ಬ ಅಕ್ಕ ಮನೆ ಹಿತ್ತಲಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ಅವರು ಹತ್ತು ರೂಪಾಯಿಗೆ ಒಪ್ಪಲಿಲ್ಲ. ತಿಂಗಳಿಗೆ ಒಂದು ಚೆಂಡು ಮಲ್ಲಿಗೆಯ ಅವತ್ತಿನ ದರ ಕೊಡುತ್ತಾರೆ. ಮಲ್ಲಿಗೆ ದರ ದಿನಾ ಬದಲಾಗುವುದರಿಂದ ಅವರ ರಶೀದಿ ಪ್ರತಿ ಸಲ ಬೇರೆ. ನಮ್ಮ ಆಡಿಟರಿಗೆ ಅದು ತಲೆನೋವು, ನನಗೆ ಅದೇ ಇಷ್ಟದ ರಶೀದಿ.

ಸಣ್ಣ ದುಡ್ಡು ಅಂದರೆ ಸುಲಭದ ದುಡ್ಡು ಅಂತ ತಿಳಿಯಬೇಡಿ. ಕೆಲಸ ಜಾಸ್ತಿ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ರಿಯಾಯಿತಿ ಕೊಡಬೇಕಾದರೆ ಪ್ರತಿ ದಾನಿಯ ಪ್ಯಾನ್ ಅಥವಾ ಆಧಾರ್ ನಂಬರ್ ಸಮೇತ 10ಬಿಡಿ ಫಾರ್ಮನ್ನು ಮೇ 31ರೊಳಗೆ ತುಂಬಬೇಕಿತ್ತು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ರಿಯಾಯಿತಿಯೇ ಇಲ್ಲ. ಅಂಗಡಿಗಳಲ್ಲಿ ಡಬ್ಬಿ ಇಡೋಣ ಅಂದರು ಕೆಲವರು. ಹೆಸರಿಲ್ಲದ ದಾನ ಒಂದು ಲಕ್ಷ, ಅಥವಾ ಒಟ್ಟು ದೇಣಿಗೆಯ 5%, ಎರಡರಲ್ಲಿ ಹೆಚ್ಚಿನದನ್ನು ದಾಟಿದರೆ ಮೇಲಿನದ್ದಕ್ಕೆ 30% ತೆರಿಗೆ. ಹಾಗಾಗಿ ಆರೇ ಡಬ್ಬಿ ಇಟ್ಟೆವು.

ಹೊರದೇಶದ ದುಡ್ಡಿನಲ್ಲೂ ಎಡವುವ ಜಾಗ ಇದೆ. ನಮ್ಮ ಕಡೆಯ ಬೇರೆ ಸಂಸ್ಥೆಗಳವರು ಇದನ್ನು ಗಮನಿಸಬೇಕು. ಕುವೈತಿನಲ್ಲಿರುವ ಒಬ್ಬರು ಭಾರತದ ಪೌರರೇ. ಅವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವರ ತಮ್ಮ ಕೆನಡಾ ಪೌರತ್ವ ತೆಗೆದುಕೊಂಡಿದ್ದಾರೆ. ಅವರು ಊರಿಗೆ ಬಂದಾಗ ಕೈಯಲ್ಲಿ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಎಫ್.ಸಿ.ಆರ್.ಎ., ಅಂದರೆ ವಿದೇಶಿ ದೇಣಿಗೆಯ ಕಾಯ್ದೆಯಡಿ ನೋಂದಣಿ ಇಲ್ಲದ ನಾವು ಅದನ್ನು ತೆಗೆದುಕೊಳ್ಳುವಂತಿಲ್ಲ. ಅಣ್ಣನ ದುಡ್ಡು ಇಟ್ಟುಕೊಂಡು ತಮ್ಮನದ್ದು ವಾಪಸ್ ಕೊಟ್ಟೆವು. ತಮ್ಮನಿಗೆ ಬೇಜಾರಾಯಿತು. ಬಳಿಕ ಅವರ ಅಮ್ಮ ಫೋನ್ ಮಾಡಿ ನನ್ನನ್ನು ಸರಿಯಾಗಿ ವಿಚಾರಿಸಿಕೊಂಡರು.

ಮತ್ತೆ ಕಂಪನಿಯ ಬಾಗಿಲಿಗೆ

ಕಂಪನಿಯ ಜೊತೆ ಜಗಳ ಮಾಡಿಕೊಳ್ಳಲಿಲ್ಲ. ಮ್ಯಾನೇಜರ್‌ಗೆ 700 ರೂಪಾಯಿಯ ಲೆಕ್ಕ, 3 ಲಕ್ಷದ ಲೆಕ್ಕ ಎರಡನ್ನೂ ತೋರಿಸಿದೆ. ಅವನು ಎರಡು ಸಲ ಓದಿದ. ಸಿಬ್ಬಂದಿ ಖರ್ಚು ಯಾಕೆ ಅಷ್ಟು ಕಡಿಮೆ ಇಟ್ಟದ್ದು ಅಂತ ಕೇಳಿದೆ. ಆಡಳಿತ ವೆಚ್ಚ 5% ದಾಟಬಾರದು ಅಂತ ನಿಯಮ ಉಂಟಲ್ವಾ ಅಂದ. ಆ ಮಿತಿ ಕಂಪನಿ ತನ್ನ ಸಿ.ಎಸ್.ಆರ್. ವಿಭಾಗ ನಡೆಸುವ ಸ್ವಂತ ಖರ್ಚಿಗೆ. ಯೋಜನೆ ನಡೆಸಲು ನೇರವಾಗಿ ಆಗುವ ಖರ್ಚು ಅದರೊಳಗೆ ಬರುವುದಿಲ್ಲ. ಮನೆ ಭೇಟಿ ಯೋಜನೆಯಲ್ಲಿ ಸಿಸ್ಟರ್ ಸಂಬಳವೇ ಯೋಜನೆ. 2021ರ ತಿದ್ದುಪಡಿಯ ನಿಯಮ ತೆಗೆದು ತೋರಿಸಿದ ಮೇಲೆ ಅವರ ಲೆಕ್ಕ ವಿಭಾಗದವರೂ ಒಪ್ಪಿದರು. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಸಂಸ್ಥೆಗಳು ಸಂಬಳ ಕೇಳಲು ನಾಚಿಕೊಂಡು ಕೂತಿವೆಯೋ.

ಒಪ್ಪಿದರು ಅಂದರೆ 18 ಲಕ್ಷ ಮನೆ ಭೇಟಿಗೆ ಕೊಟ್ಟರು ಅಂತ ಅಲ್ಲ. 6 ಲಕ್ಷ ಕೊಟ್ಟರು. ಅದರಲ್ಲಿ ಸೆಕೆಂಡ್‌ಹ್ಯಾಂಡ್ ವ್ಯಾನು, ಏರ್ ಬೆಡ್, ಗಾಲಿಕುರ್ಚಿ, ಎರಡು ಆಕ್ಸಿಜನ್ ಕಾನ್ಸಂಟ್ರೇಟರ್ ತೆಗೆದೆವು. ಕಂಪನಿಯ ಹೆಸರು ವ್ಯಾನಿನ ಹಿಂದೆ, ಎ4 ಹಾಳೆಯಷ್ಟು. ನಮ್ಮಲ್ಲಿ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಇರುತ್ತದೆ. ಹೆಸರು ಹಾಕುವುದಕ್ಕೆ ನಮಗೆ ಸಂಕೋಚ ಇಲ್ಲ.

ಅದೇ ಹೊತ್ತಿಗೆ ಇನ್ನೊಂದು ಕಂಪನಿಯವರು ದೊಡ್ಡವರ ಡಯಾಪರ್ ಉಚಿತವಾಗಿ ಕೊಡುತ್ತೇವೆ ಅಂತ ಬಂದರು. ನಮಗೆ ನಿಜವಾಗಿ ಬೇಕಾದ ಸಾಮಾನು. ಆದರೆ ಪ್ರತಿ ರೋಗಿಯ ಕೈಯಲ್ಲಿ ಪ್ಯಾಕೆಟ್ ಹಿಡಿಸಿ, ಬ್ರ್ಯಾಂಡ್ ಹೆಸರು ಕಾಣುವ ಹಾಗೆ ಫೋಟೋ ಬೇಕು ಅಂದರು. ತಮ್ಮ ಮಾಲಿನ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜನೆ ಸಿ.ಎಸ್.ಆರ್. ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮದಲ್ಲೇ ಇದೆ, ಅದನ್ನು ಹೇಳಿ ತಪ್ಪಿಸಿಕೊಂಡೆ. ನಿಯಮ ಇಲ್ಲದಿದ್ದರೂ ಹಿರಿಯ ಸಿಸ್ಟರ್ ಬಿಡುತ್ತಿರಲಿಲ್ಲ. ಅವರು ಕೇಳಿದ್ದು ಇಷ್ಟೇ: “ನಿಮ್ಮ ಅಮ್ಮನ ಫೋಟೋ ಹಾಗೆ ತೆಗೆಸ್ತೀರಾ ಸರ್?”

ಈ ದಾರಿಗೆ ಬೆಲೆ ಇಲ್ಲ ಅಂತ ಅಲ್ಲ. ಆ ವರ್ಷ ಡಾಕ್ಟರು ಬರುವುದನ್ನು ವಾರಕ್ಕೆ ಒಂದೇ ದಿನ ಮಾಡಿದೆವು, 60 ಸಾವಿರ ಉಳಿಯಿತು. ಆದರೂ 1 ಲಕ್ಷ 60 ಸಾವಿರ ಠೇವಣಿಯಿಂದ ತೆಗೆಯಬೇಕಾಯಿತು. 8 ಲಕ್ಷದ ಠೇವಣಿಯಲ್ಲಿ ಈಗ ಉಳಿದಿರುವುದು 1 ಲಕ್ಷ 80 ಸಾವಿರ. ಸಂಬಳ ಏರಿಸಲು ಆಗಲಿಲ್ಲ, ಹಾಗಾಗಿ ಕಿರಿಯ ಸಿಸ್ಟರ್ ಮಂಗಳೂರಿನ ಆಸ್ಪತ್ರೆಗೆ ಹೋದರು. ಹೋಗುವ ದಿನ ಅತ್ತರು, ಆದರೆ ಅಳುವಿನಿಂದ ಮನೆ ಬಾಡಿಗೆ ಕಟ್ಟಲು ಆಗುವುದಿಲ್ಲವಲ್ಲ. ಬದಲಿಗೆ ಬಂದವರು ಇನ್ನೂ ಕಲಿಯುತ್ತಿದ್ದಾರೆ. ವಾರದ ಭೇಟಿ 31ಕ್ಕೆ ಬಂದು ನಿಂತಿದೆ, 35 ಮುಟ್ಟಿಲ್ಲ. ಬ್ಯಾಂಡೇಜ್ ಬಿಲ್ಲು ಹಳೆಯ ಮಟ್ಟಕ್ಕೆ ಏರಿದೆ. ಕಾಪುವಿನ ಅಜ್ಜಿಯ ಹುಣ್ಣು ಒಣಗಲು ನಾಲ್ಕು ತಿಂಗಳು ಹಿಡಿಯಿತು.

ಮೊನ್ನೆ ಮಾರ್ಚಿನಲ್ಲಿ ಮ್ಯಾನೇಜರ್ ಫೋನ್ ಮಾಡಿದ್ದ. ಒಂದಿಷ್ಟು ಹಣ ಉಳಿದಿದೆ, ಎರಡು ಮೆಗಾ ಕ್ಯಾಂಪ್ ಮಾಡಬಹುದಾ ಅಂತ ಕೇಳಿದ. ಇನ್ನೂ ಆರು ಏರ್ ಬೆಡ್ ಬೇಕು, ಒಬ್ಬ ಸಿಸ್ಟರ್‌ಗೆ ಮೂರು ವರ್ಷದ ಸಂಬಳ ಬೇಕು ಅಂತ ಒಂದು ಪುಟದ ಪತ್ರ ಕಳಿಸಿದೆ. ಜೊತೆಗೆ ಹಳೆಯ ಫಾರ್ಮಿನ ಒಂದು ಪ್ರತಿ ಇಟ್ಟೆ. ಬೋರ್ಡಿಗೆ ಇದನ್ನೇ ತೋರಿಸಿ ನೋಡುತ್ತೇನೆ ಅಂದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.